ಮದ್ಯದ ಪರವಾನಗಿ ಮತ್ತು ನೆರೆಯವನ ಹೊಣೆ

ಮದ್ಯಪಾನವು ನಿಷಿದ್ಧವೆಂಬುದು ಮುಸ್ಲಿಮ್ ಕುಟುಂಬದ ಪುಟ್ಟ ಮಕ್ಕಳಿಗೂ ತಿಳಿದಿರುವ ವಿಷಯ. ಆದರೆ ನಮ್ಮಲ್ಲಿ ಅನೇಕರು ಈ ನಿಷೇಧವನ್ನು ಮನೆಯ ಹೊಸ್ತಿಲಿನವರೆಗೆ ಮಾತ್ರ ಅರ್ಥ ಮಾಡಿಕೊಂಡಿದ್ದಾರೆ. “ನಾನು ಕುಡಿಯುವುದಿಲ್ಲ, ನನ್ನ ಮಕ್ಕಳೂ ಕುಡಿಯುವುದಿಲ್ಲ. ಬೀದಿಯಲ್ಲಿ ಏನು ನಡೆದರೆ ನನಗೇನು?” ಎಂದು ಹೇಳಿ ಸುಮ್ಮನಾಗುತ್ತಾರೆ. ಹೀಗೆ ಸುಮ್ಮನಾದವನ ಕರ್ತವ್ಯವು ಅಲ್ಲಿಗೆ ಮುಗಿಯಿತೇ? ಮುಸ್ಲಿಮರು ಅಲ್ಪಸಂಖ್ಯಾತರಾಗಿ ಬಾಳುತ್ತಿರುವ ಇಂಗ್ಲೆಂಡಿನಲ್ಲಿ ಮದ್ಯದ ಪರವಾನಗಿಯ ಬಗ್ಗೆ ಇರುವ ಒಂದು ನೀತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸೋಣ.

ಕುರ್‌ಆನ್ ಕಲಿಸಿದ ಲೆಕ್ಕ

ಪವಿತ್ರ ಕುರ್‌ಆನ್ ಮದ್ಯವನ್ನು ಹಂತಹಂತವಾಗಿ ನಿಷೇಧಿಸಿತು. ಅಲ್‌ಬಕರಃ ಅಧ್ಯಾಯದಲ್ಲಿ ಅದರಲ್ಲಿ ಜನರಿಗೆ ಒಂದಿಷ್ಟು ಲಾಭವೂ ಇದೆಯೆಂದು ಒಪ್ಪಿಕೊಂಡು, ಲಾಭಕ್ಕಿಂತ ಪಾಪವೇ ದೊಡ್ಡದೆಂದು ತಿಳಿಸಲಾಯಿತು. ಬಳಿಕ ಅಮಲಿನ ಸ್ಥಿತಿಯಲ್ಲಿ ನಮಾಝಿನ ಬಳಿ ಸುಳಿಯಬಾರದೆಂಬ ಆಜ್ಞೆ ಬಂತು. ಕೊನೆಗೆ ಅಲ್‌ಮಾಇದಃ ಅಧ್ಯಾಯದಲ್ಲಿ ಪೂರ್ಣ ನಿಷೇಧವಾಯಿತು. ಅಲ್ಲಿ ನೀಡಲಾದ ಕಾರಣಗಳು ಗಮನಾರ್ಹವಾಗಿವೆ. ಮದ್ಯ ಮತ್ತು ಜೂಜಿನ ಮೂಲಕ ಶೈತಾನನು ಜನರ ನಡುವೆ ಹಗೆತನ ಹುಟ್ಟಿಸಲು ಮತ್ತು ಅವರನ್ನು ಅಲ್ಲಾಹನ ಸ್ಮರಣೆಯಿಂದ, ನಮಾಝಿನಿಂದ ತಡೆಯಲು ಬಯಸುತ್ತಾನೆ. ಅಂದರೆ ಕುಡಿದವನ ಆತ್ಮಕ್ಕಾಗುವ ಹಾನಿಯೊಂದಿಗೆ ಮನುಷ್ಯ ಸಂಬಂಧಗಳಿಗಾಗುವ ಹಾನಿಯನ್ನೂ ಕುರ್‌ಆನ್ ಎಣಿಕೆಗೆ ತೆಗೆದುಕೊಂಡಿದೆ.

ಪ್ರವಾದಿವರ್ಯರು(ಸ) ಮದ್ಯದ ವಿಷಯದಲ್ಲಿ ಕುಡಿಯುವವನನ್ನಷ್ಟೇ ಹೆಸರಿಸಲಿಲ್ಲ. ಅದನ್ನು ತಯಾರಿಸುವವನು, ಹೊರುವವನು, ಬಡಿಸುವವನು, ಮಾರುವವನು, ಅದರ ಹಣವನ್ನು ಉಣ್ಣುವವನು, ಹೀಗೆ ಇಡೀ ಸರಪಳಿಯನ್ನೇ ಶಾಪಕ್ಕೆ ಗುರಿಪಡಿಸಿದರು. ಯಾರ ಕೇಡಿನಿಂದ ಅವನ ನೆರೆಯವನು ಸುರಕ್ಷಿತನಲ್ಲವೋ ಅವನು ಸತ್ಯವಿಶ್ವಾಸಿಯಲ್ಲವೆಂದು ಎಚ್ಚರಿಸಿದವರೂ ಅವರೇ.

ಇಂಗ್ಲೆಂಡಿನ ಕಾನೂನು

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಿಂದೆ ಮದ್ಯದ ಪರವಾನಗಿ ನೀಡುತ್ತಿದ್ದವರು ಮ್ಯಾಜಿಸ್ಟ್ರೇಟರು. ಹೆಚ್ಚಿನ ಪಬ್‌ಗಳು ರಾತ್ರಿ 11 ಗಂಟೆಗೆ ಮುಚ್ಚುತ್ತಿದ್ದವು. ಒಂದೇ ಹೊತ್ತಿಗೆ ಅಮಲೇರಿದ ಜನರೆಲ್ಲ ಬೀದಿಗೆ ಬಂದು ಜಗಳವಾಗುತ್ತದೆ, ಮುಚ್ಚುವ ವೇಳೆ ಬೇರೆಬೇರೆಯಾದರೆ ಗಲಭೆ ಕಡಿಮೆಯಾಗುತ್ತದೆ ಎಂಬ ವಾದದೊಂದಿಗೆ 2003ರ ಪರವಾನಗಿ ಕಾಯ್ದೆ ಬಂತು. 2005ರ ನವೆಂಬರ್ 24ರಂದು ಅದು ಪೂರ್ಣವಾಗಿ ಜಾರಿಯಾಯಿತು. ಅಧಿಕಾರವು ಸ್ಥಳೀಯ ಕೌನ್ಸಿಲುಗಳಿಗೆ, ಅಂದರೆ ಅಲ್ಲಿನ ನಗರಸಭೆಗಳಿಗೆ ಹೋಯಿತು.

ಪರವಾನಗಿಯನ್ನು ನಿರ್ಧರಿಸುವಾಗ ಕೌನ್ಸಿಲು ನಾಲ್ಕು ಉದ್ದೇಶಗಳನ್ನು ಮುಂದಿಟ್ಟುಕೊಳ್ಳಬೇಕು: ಅಪರಾಧ ಮತ್ತು ಗಲಭೆಯ ತಡೆ, ಸಾರ್ವಜನಿಕ ಸುರಕ್ಷೆ, ಸಾರ್ವಜನಿಕ ಉಪದ್ರವದ ತಡೆ, ಮಕ್ಕಳನ್ನು ಹಾನಿಯಿಂದ ಕಾಪಾಡುವುದು. ಸ್ಕಾಟ್ಲೆಂಡಿನ ಪ್ರತ್ಯೇಕ ಕಾನೂನಿನಲ್ಲಿ ಸಾರ್ವಜನಿಕ ಆರೋಗ್ಯವೂ ಐದನೆಯ ಉದ್ದೇಶವಾಗಿದೆ. ಇಂಗ್ಲೆಂಡಿನಲ್ಲಿ ಅದನ್ನು ಸೇರಿಸಿಲ್ಲ. ಮದ್ಯವು ನೈತಿಕವಾಗಿ ಕೆಟ್ಟದ್ದೆಂಬ ಕಾರಣವನ್ನಂತೂ ಆ ಕಾನೂನು ಪರಿಗಣಿಸುವುದೇ ಇಲ್ಲ.

ಬೀದಿಯ ಒಟ್ಟು ಲೆಕ್ಕ

ಇಲ್ಲಿ ಒಂದು ತೊಡಕು ಎದುರಾಯಿತು. ಒಂದು ಬೀದಿಯಲ್ಲಿ ನಲ್ವತ್ತು ಬಾರ್‌ಗಳಿವೆಯೆಂದು ಭಾವಿಸೋಣ. ನಲ್ವತ್ತೊಂದನೆಯವನು ಅರ್ಜಿ ಹಾಕುತ್ತಾನೆ. ಅವನ ಮೇಲೆ ಯಾವ ಅಪವಾದವೂ ಇಲ್ಲ. ಬಾಗಿಲಲ್ಲಿ ಕಾವಲುಗಾರನಿದ್ದಾನೆ, ಗೋಡೆಗೆ ಶಬ್ದ ತಡೆಯುವ ವ್ಯವಸ್ಥೆಯಿದೆ. ಅವನೊಬ್ಬನನ್ನೇ ನೋಡಿದರೆ ನಿರಾಕರಿಸಲು ಕಾರಣ ಸಿಗುವುದಿಲ್ಲ. ಆದರೆ ನಡುರಾತ್ರಿಯ ಬಳಿಕ ನಲ್ವತ್ತೊಂದು ಬಾಗಿಲುಗಳಿಂದ ಹೊರಬಿದ್ದ ಜನ ಒಂದೇ ಬೀದಿಯಲ್ಲಿ ಸೇರಿದಾಗ ಹೊಡೆದಾಟ, ಕೂಗಾಟ, ವಾಂತಿ, ಮೂತ್ರ, ಒಡೆದ ಗಾಜು ಎಲ್ಲವೂ ಇರುತ್ತದೆ. ಅದು ಯಾವ ಅಂಗಡಿಯಿಂದಾಯಿತೆಂದು ಬೆರಳು ಮಾಡಿ ತೋರಿಸುವಂತಿಲ್ಲ. ಪ್ರತಿಯೊಬ್ಬ ಮಾಲಿಕನೂ ನನ್ನದಲ್ಲವೆನ್ನುತ್ತಾನೆ.

ಇದಕ್ಕೆ ಪರಿಹಾರವಾಗಿ ಬಂದುದೇ ‘ಒಟ್ಟು ಪರಿಣಾಮ’ ನೀತಿ. ಮದ್ಯದಂಗಡಿಗಳು ಕಿಕ್ಕಿರಿದ ಪ್ರದೇಶವೊಂದನ್ನು ಗುರುತಿಸಿ, ಇನ್ನಷ್ಟು ಪರವಾನಗಿ ನೀಡಿದರೆ ಆ ನಾಲ್ಕು ಉದ್ದೇಶಗಳಿಗೆ ಧಕ್ಕೆಯಾಗುತ್ತದೆಂದು ಕೌನ್ಸಿಲು ಪ್ರಕಟಿಸುತ್ತದೆ. ಆ ಪ್ರದೇಶದಲ್ಲಿ ತನ್ನಿಂದ ತೊಂದರೆ ಹೆಚ್ಚುವುದಿಲ್ಲವೆಂದು ಅರ್ಜಿದಾರನೇ ಮನವರಿಕೆ ಮಾಡಿಕೊಡಬೇಕಾಗುತ್ತದೆ. ಲಂಡನ್ನಿನ ಸೋಹೋ, ಶೋರ್‌ಡಿಚ್ ಮುಂತಾದ ಕಡೆ ಇಂತಹ ನೀತಿ ಬಂತು. ಮೊದಲು ಸರಕಾರದ ಮಾರ್ಗದರ್ಶಿಯಲ್ಲಿ ಮಾತ್ರ ಇದ್ದ ಇದಕ್ಕೆ 2018ರ ಏಪ್ರಿಲ್‌ನಿಂದ ಕಾಯ್ದೆಯ ಬಲವೂ ದೊರೆಯಿತು. ಕೌನ್ಸಿಲು ಇದನ್ನು ತನ್ನ ಇಚ್ಛೆಯಂತೆ ಘೋಷಿಸುವಂತಿಲ್ಲ. ಅಪರಾಧದ ದಾಖಲೆ, ಆಂಬುಲೆನ್ಸ್ ಕರೆ, ಗಲಾಟೆಯ ದೂರು ಮುಂತಾದ ಪುರಾವೆ ಬೇಕು. ಜನರ ಅಭಿಪ್ರಾಯ ಕೇಳಬೇಕು. ಮೂರು ವರ್ಷಗಳೊಳಗೆ ಮರುಪರಿಶೀಲಿಸಬೇಕು.

ಈ ನೀತಿಗೆ ಇತಿಮಿತಿಗಳಿವೆ. ಈಗಾಗಲೇ ಇರುವ ಅಂಗಡಿಗಳನ್ನು ಅದು ಮುಚ್ಚಿಸುವುದಿಲ್ಲ. ಹಳೆಯ ಗದ್ದಲದ ಬಾರ್ ಉಳಿದುಕೊಂಡು, ಶಿಸ್ತಿನ ಹೊಸಬನು ಹೊರಗುಳಿಯುತ್ತಾನೆ ಎಂಬುದು ವ್ಯಾಪಾರಿಗಳ ಆಕ್ಷೇಪ. ಉದ್ಯೋಗ ಮತ್ತು ಆದಾಯದ ಮಾತೂ ಬರುತ್ತದೆ. ಆದರೂ ಲಾಭವನ್ನು ಒಪ್ಪಿಕೊಂಡೇ ಹಾನಿಯನ್ನು ತೂಗುವ ಈ ರೀತಿಯು ಕುರ್‌ಆನಿನ ಓದುಗರಿಗೆ ಅಪರಿಚಿತವಲ್ಲ.

ಮೌನದ ಪರಿಣಾಮ

ಈ ಕಾನೂನಿನ ಅತ್ಯಂತ ಮಹತ್ವದ ಅಂಶ ಇನ್ನೊಂದಿದೆ. ಅರ್ಜಿದಾರನು ತಿಳಿನೀಲಿ ಕಾಗದದಲ್ಲಿ ಅರ್ಜಿಯ ಸೂಚನೆಯನ್ನು ಕಟ್ಟಡದ ಹೊರಗೆ ಅಂಟಿಸಬೇಕು. ಅದು 28 ದಿನ ಅಲ್ಲಿರುತ್ತದೆ. ಆ ಅವಧಿಯೊಳಗೆ ಪೊಲೀಸರಾಗಲಿ, ಇತರ ಇಲಾಖೆಗಳಾಗಲಿ, ಸಾಮಾನ್ಯ ನಿವಾಸಿಯಾಗಲಿ ಲಿಖಿತ ಆಕ್ಷೇಪ ಸಲ್ಲಿಸಬಹುದು. ಆಕ್ಷೇಪ ಬಂದರೆ ಕೌನ್ಸಿಲರುಗಳ ಉಪಸಮಿತಿಯ ಮುಂದೆ ವಿಚಾರಣೆ ನಡೆಯುತ್ತದೆ. ತೀರ್ಪು ಒಪ್ಪಿಗೆಯಾಗದವರು 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು. ಒಂದೇ ಒಂದು ಆಕ್ಷೇಪವೂ ಬಾರದಿದ್ದರೆ ಕೌನ್ಸಿಲು ಪರವಾನಗಿ ನೀಡಲೇಬೇಕು. ‘ಒಟ್ಟು ಪರಿಣಾಮ’ ಘೋಷಿಸಿದ ಪ್ರದೇಶದಲ್ಲಿಯೂ ಇದೇ ನಿಯಮ.

ಎಷ್ಟೇ ಒಳ್ಳೆಯ ನೀತಿಯಿದ್ದರೂ ಬಾಯಿ ತೆರೆಯುವವನು ಇಲ್ಲದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ. ಮನೆಯೊಳಗೆ ಕುಳಿತು ಬೀದಿಯನ್ನು ಶಪಿಸಿದವನ ಮಾತು ಯಾವ ವಿಚಾರಣೆಯಲ್ಲೂ ದಾಖಲಾಗುವುದಿಲ್ಲ. ಅವನ ಮೌನವನ್ನು ಕಾನೂನು ಸಮ್ಮತಿಯೆಂದೇ ಎಣಿಸುತ್ತದೆ.

ಬ್ರಿಕ್ ಲೇನ್

ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಎಂಬ ಬೀದಿಯಲ್ಲಿ ಒಂದು ಮಸೀದಿಯಿದೆ. ಆ ಕಟ್ಟಡವು 1743ರಲ್ಲಿ ಫ್ರಾನ್ಸಿನಿಂದ ಬಂದ ಪ್ರೊಟೆಸ್ಟಂಟ್ ನಿರಾಶ್ರಿತರ ಪ್ರಾರ್ಥನಾಲಯವಾಗಿ ಕಟ್ಟಲ್ಪಟ್ಟು, 1898ರಲ್ಲಿ ಯಹೂದಿಯರ ಸಿನಗಾಗ್ ಆಗಿ, 1976ರಲ್ಲಿ ಮಸೀದಿಯಾಯಿತು. ಸುತ್ತಲೂ ಬಾಂಗ್ಲಾದೇಶದ ಮೂಲದ ಮುಸ್ಲಿಮ್ ಕುಟುಂಬಗಳಿವೆ. ಅದೇ ಬೀದಿಯಲ್ಲಿ ಬಾರ್‌ಗಳೂ ತಡರಾತ್ರಿಯ ಹೋಟೆಲುಗಳೂ ತುಂಬಿವೆ. 2013ರಲ್ಲಿ ಟವರ್ ಹ್ಯಾಮ್ಲೆಟ್ಸ್ ಕೌನ್ಸಿಲು ಈ ಪ್ರದೇಶಕ್ಕೆ ‘ಒಟ್ಟು ಪರಿಣಾಮ’ ನೀತಿಯನ್ನು ಅಂಗೀಕರಿಸಿತು.

ಅಲ್ಲಿನ ಪರೀಕ್ಷೆ ಎರಡು ಬಗೆಯದು. ಒಂದೆಡೆ ಇಶಾ ನಮಾಝ್ ಮುಗಿಸಿ ಮನೆಗೆ ನಡೆಯುವ ವೃದ್ಧರಿಗೂ ಮರುದಿನ ಶಾಲೆಗೆ ಹೋಗಬೇಕಾದ ಮಕ್ಕಳಿಗೂ ನೆಮ್ಮದಿ ಬೇಕು. ಇನ್ನೊಂದೆಡೆ ಅಲ್ಲಿನ ಊಟದ ಹೋಟೆಲುಗಳನ್ನು ನಡೆಸುವವರಲ್ಲಿ ಹಲವರು ಅದೇ ಸಮುದಾಯದವರು. ಅವುಗಳಲ್ಲಿ ಕೆಲವು ಮದ್ಯದ ಪರವಾನಗಿಯನ್ನೂ ಪಡೆದಿವೆ. ‘ಗಿರಾಕಿ ಕೇಳುತ್ತಾನೆ, ಇಲ್ಲದಿದ್ದರೆ ವ್ಯಾಪಾರ ನಡೆಯದು’ ಎಂಬ ಸಮರ್ಥನೆ ಇಂತಹ ವ್ಯಾಪಾರದಲ್ಲಿ ಎಲ್ಲೆಡೆ ಕೇಳಿಬರುತ್ತದೆ. ಬೇರೆಯವರ ಬಾರ್‌ಗೆ ಆಕ್ಷೇಪ ಬರೆಯುವ ಕೈ ತನ್ನವರ ಹೋಟೆಲಿನ ವಿಷಯದಲ್ಲಿ ನಡುಗಬಾರದು. ಸ್ವತಃ ತಮಗೆ, ತಮ್ಮ ತಂದೆತಾಯಿಗೆ, ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಿ ನಿಲ್ಲಬೇಕೆಂದು ಅನ್ನಿಸಾಅ್ ಅಧ್ಯಾಯವು ವಿಶ್ವಾಸಿಗಳಿಗೆ ಆದೇಶಿಸಿದೆ.

ಹೇಗೆ ಮಾತನಾಡಬೇಕು?

ಅಲ್ಲಿನ ಉಪಸಮಿತಿಯ ಮುಂದೆ “ನಮ್ಮ ಧರ್ಮದಲ್ಲಿ ಇದು ಹರಾಮ್” ಎಂದರೆ ಆಕ್ಷೇಪ ನಿಲ್ಲುವುದಿಲ್ಲ. ಯಾವ ದಿನ, ಎಷ್ಟು ಗಂಟೆಗೆ, ಯಾವ ಗಲಾಟೆಯಾಯಿತು, ಮನೆಯ ಬಾಗಿಲ ಬಳಿ ಏನು ಬಿದ್ದಿತ್ತು, ಪೊಲೀಸರನ್ನು ಎಷ್ಟು ಸಲ ಕರೆಯಲಾಯಿತು ಎಂದು ಬರೆದಿಟ್ಟು ಹೇಳಬೇಕು. ಬರೀ ಕಿರುಕುಳಕ್ಕಾಗಿ ಸಲ್ಲಿಸಿದ ಆಕ್ಷೇಪಗಳನ್ನು ಕಾನೂನು ತಿರಸ್ಕರಿಸುತ್ತದೆ. ಆಕ್ಷೇಪಿಸುವವನ ಹೆಸರನ್ನು ಸಾಮಾನ್ಯವಾಗಿ ಅರ್ಜಿದಾರನಿಗೆ ತಿಳಿಸಲಾಗುತ್ತದೆ. ಆದ್ದರಿಂದ ಧೈರ್ಯವೂ ಬೇಕು, ಸತ್ಯವೂ ಬೇಕು. ಒಂದು ಜನಾಂಗದ ಮೇಲಿನ ದ್ವೇಷವು ನಿಮ್ಮನ್ನು ನ್ಯಾಯದಿಂದ ವಿಮುಖರನ್ನಾಗಿಸದಿರಲಿ ಎಂಬ ಕುರ್‌ಆನಿನ ಎಚ್ಚರಿಕೆಯು ಬಾರ್ ಮಾಲಿಕನ ವಿಷಯದಲ್ಲೂ ಅನ್ವಯಿಸುತ್ತದೆ. ಆಗದುದನ್ನು ಆಯಿತೆಂದು ಬರೆಯಬಾರದು, ಕಂಡುದನ್ನು ಹಿಗ್ಗಿಸಬಾರದು.

ಇದರಿಂದ ಇನ್ನೊಂದು ಪ್ರಯೋಜನವೂ ಇದೆ. ನಿದ್ದೆಗೆಟ್ಟ ಕ್ರೈಸ್ತ ವೃದ್ಧೆ, ಯಾವ ಧರ್ಮವನ್ನೂ ನಂಬದ ನೆರೆಯವನು, ಮುಸ್ಲಿಮ್ ತಾಯಿ, ಇವರೆಲ್ಲರ ದೂರೂ ಒಂದೇ. ನೆರೆಹೊರೆಯ ಹಕ್ಕಿನ ಹೆಸರಿನಲ್ಲಿ ಮಾತನಾಡಿದಾಗ ಇವರೆಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ನಮ್ಮ ನಾಡಿನಲ್ಲಿ

ಕರ್ನಾಟಕದ ವ್ಯವಸ್ಥೆ ಬೇರೆ. 1965ರ ಅಬಕಾರಿ ಕಾಯ್ದೆಯ ಪ್ರಕಾರ ಇಲ್ಲಿ ಪರವಾನಗಿಯು ರಾಜ್ಯದ ಅಬಕಾರಿ ಆಡಳಿತದ ಕೈಯಲ್ಲಿದೆ. ಧಾರ್ಮಿಕ ಸ್ಥಳ, ಶಾಲೆ, ಆಸ್ಪತ್ರೆಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದೆಂಬ ನಿಯಮವಿದೆ. ಒಂದು ಅಂಗಡಿ ಎಷ್ಟು ದೂರದಲ್ಲಿದೆಯೆಂಬುದನ್ನು ಈ ಅಳತೆ ಹೇಳುತ್ತದೆ. ಒಂದೇ ಬೀದಿಯಲ್ಲಿ ಎಷ್ಟು ಅಂಗಡಿಗಳು ಸೇರಿ ಏನು ಮಾಡುತ್ತಿವೆಯೆಂಬುದನ್ನು ಅದು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಅಲ್ಲಿ ವಾಸಿಸುವವರು.

ಕೆಡುಕನ್ನು ಕಂಡವನು ಕೈಯಿಂದ, ಸಾಧ್ಯವಾಗದಿದ್ದರೆ ನಾಲಿಗೆಯಿಂದ, ಅದೂ ಸಾಧ್ಯವಾಗದಿದ್ದರೆ ಹೃದಯದಿಂದ ವಿರೋಧಿಸಬೇಕೆಂದೂ ಕೊನೆಯದು ಅತ್ಯಂತ ದುರ್ಬಲ ವಿಶ್ವಾಸವೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಕಾನೂನಿರುವ ನಾಡಿನಲ್ಲಿ ಅಂಗಡಿ ಮುಚ್ಚಿಸುವ ಅಧಿಕಾರದ ಕೈ ಆಡಳಿತದ್ದು. ನಾಲಿಗೆ ಮತ್ತು ಲೇಖನಿ ನಮ್ಮವು. ಅರ್ಜಿ ಬರೆಯಲು, ಸಭೆಯಲ್ಲಿ ಎದ್ದು ನಿಲ್ಲಲು, ನೆರೆಯವರನ್ನು ಜೊತೆಗೂಡಿಸಲು ದಾರಿ ತೆರೆದಿರುವಾಗ ಹೃದಯದ ವಿರೋಧಕ್ಕೇ ತೃಪ್ತರಾಗುವವರು ತಮ್ಮನ್ನು ತಾವೇ ಪ್ರಶ್ನಿಸಿಕೊಳ್ಳಲಿ. ನಮ್ಮ ಮನೆಗಳನ್ನು ಮಾತ್ರವಲ್ಲದೆ ನಮ್ಮ ಬೀದಿಗಳನ್ನೂ ಕಾಪಾಡುವ ಸದ್ಬುದ್ಧಿಯನ್ನು ಅಲ್ಲಾಹನು ನಮಗೆ ಕರುಣಿಸಲಿ.