ಪಟ್ಟಿಯ ಪಕ್ಕದಲ್ಲಿ ತಿಂಗಳನ್ನೂ ಬರೆಯಿರಿ

ಬದುಕಿನಲ್ಲಿ ಒಮ್ಮೆಯಾದರೂ ಮಾಡಬೇಕಾದ್ದು ಎಂದು ಬರೆಯಲು ಕುಳಿತರೆ ಮೊದಲ ಸಾಲಿಗೇ ಹಿಮಾಲಯ ಬಂದುಬಿಡುತ್ತದೆ. ಬರಲಿ, ಒಳ್ಳೆಯದೇ. ಆದರೆ ಜಯನಗರದಲ್ಲೇ ಬೆಳೆದು ಲಾಲ್‌ಬಾಗಿನ ಬಂಡೆ ಹತ್ತದವರಿದ್ದಾರೆ! ಹಿಮಾಲಯ ಏಳತೊಡಗಿದ್ದು ಸುಮಾರು 5 ಕೋಟಿ ವರ್ಷಗಳ ಹಿಂದೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ. ಈ ಭಾನುವಾರ ಬೆಳಿಗ್ಗೆಯೇ ಹೋಗಿ ಅದರ ಮೇಲೆ ಕೈಯಿಟ್ಟು ನೋಡಿ.

ಇನ್ನೊಂದು ಮಾತು. ಪ್ರತಿ ಆಸೆಯ ಪಕ್ಕದಲ್ಲಿ ತಿಂಗಳು ಬರೆಯಿರಿ. ನಮ್ಮಮ್ಮ ವರ್ಷಗಟ್ಟಲೆ ‘ಜೋಗ, ಜೋಗ’ ಎನ್ನುತ್ತಿದ್ದರು. ನಾವು ಕರೆದೊಯ್ದದ್ದು ಏಪ್ರಿಲ್ ರಜೆಯಲ್ಲಿ. 253 ಮೀಟರ್ ಎತ್ತರದ ಬಂಡೆಯಿತ್ತು, ನೀರು ಎಳೆಯಷ್ಟೇ. ಅವರ ಮುಖ ನೆನೆದರೆ ಈಗಲೂ ಸಂಕಟ. ಜೋಗಕ್ಕೆ ಮಳೆಗಾಲವೇ ಬೇಕು. ಗವಿಪುರದ ಗಂಗಾಧರೇಶ್ವರನ ಗುಹೆಯಲ್ಲಿ ನಂದಿಯ ಕೊಂಬುಗಳ ನಡುವೆ ಹಾದು ಲಿಂಗ ಮುಟ್ಟುವ ಬಿಸಿಲಿಗೆ ಸಂಕ್ರಾಂತಿಯ ಸಂಜೆಯೇ ಬೇಕು.

1,712 ಮೀಟರ್‌ನ ಕುಮಾರಪರ್ವತ ಪಟ್ಟಿಯಲ್ಲಿದ್ದರೆ ಈಗಲೇ ಕಾಲು ಪಳಗಿಸಿ. ಮೊದಲು ರಾಗಿಗುಡ್ಡದ ಮೆಟ್ಟಿಲು, ಆಮೇಲೆ ತುರಹಳ್ಳಿ ಕಾಡಿನ ದಾರಿ, ಆಮೇಲೆ ಸಾವನದುರ್ಗ. ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚೆಯೇ ಪಡೆದಿರಿ.

ಮನೆಯ ಹಿರಿಯರನ್ನೂ ಕೇಳಿ, ಅವರ ಆಸೆಗಳೇ ಪಟ್ಟಿಯ ಮೇಲ್ತುದಿಯಲ್ಲಿರಲಿ. ಮಂಡಿ ಗಟ್ಟಿಯಿರುವಾಗಲೇ ಕರೆದೊಯ್ಯಿರಿ. ಬನಶಂಕರಿಯಿಂದ ಲಾಲ್‌ಬಾಗಿಗೆ ಮೆಟ್ರೊದಲ್ಲಿ ಕೆಲವೇ ನಿಮಿಷ. ಶುರುಮಾಡಲು ಅಷ್ಟು ಸಾಕು.