ಬ್ಯಾಕ್ ಆಡುವ ಹುಡುಗನಿಗೆ ಕಿವಿಮಾತು

ಸಕಲೇಶಪುರ, ಆಲೂರು ಕಡೆ ಸಂಜೆ ಶಾಲೆಯ ಮೈದಾನಕ್ಕೆ ಬರುವ ಹುಡುಗರಿಗೆಲ್ಲ ಫಾರ್ವರ್ಡ್ ಆಡುವ ಆಸೆ. ಹಿಂದೆ ನಿಲ್ಲು ಎಂದರೆ ಮುಖ ಸಣ್ಣದಾಗುತ್ತದೆ. ನೀನೊಬ್ಬ ಕೇಳಿಕೊಂಡು ಬ್ಯಾಕ್ ಆಡಲು ಬಂದೆ. ಬೆಂಗಳೂರಿನ ಫುಟ್‌ಬಾಲ್ ಲೀಗ್‌ನಲ್ಲಿ ವರ್ಷಗಟ್ಟಲೆ ಅದೇ ಜಾಗದಲ್ಲಿ ನಿಂತು ಆಡಿದ ನನಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಅದಕ್ಕೇ ಈ ಮಾತುಗಳು.

• ಎಲ್ಲಕ್ಕಿಂತ ಮುಖ್ಯವಾದದ್ದು ಮೊದಲು. ಕಾಲು ಹಾಕಲು ಅವಸರ ಮಾಡಬೇಡ. ಚೆಂಡು ತರುವವನು ಕಾಯುವುದೇ ನಿನ್ನ ಅವಸರಕ್ಕೆ. ನೀನು ನುಗ್ಗಿದೆಯೋ, ಚೆಂಡನ್ನು ಪಕ್ಕಕ್ಕೆ ತಳ್ಳಿ ದಾಟಿಬಿಡುತ್ತಾನೆ. ಆಮೇಲೆ ಉಳಿಯುವುದು ಕೀಪರ್ ಒಬ್ಬನೇ. ಎರಡು ತೋಳಿನಷ್ಟು ದೂರ ಇಟ್ಟುಕೊ. ಎದೆ ಕೊಟ್ಟು ನಿಲ್ಲಬೇಡ, ಓರೆಯಾಗಿ ನಿಲ್ಲು: ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಬಾಗಿರಲಿ, ಭಾರ ಮುಂಗಾಲಿನ ಮೇಲಿರಲಿ. ಅವನ ಭುಜ, ಸೊಂಟ ಏನೇ ಕುಣಿಯಲಿ, ನಿನ್ನ ಕಣ್ಣು ಚೆಂಡಿನ ಮೇಲಿರಲಿ. ಅವನನ್ನು ಬದಿಯ ಗೆರೆಯ ಕಡೆಗೆ, ಅವನಿಗೆ ಒಗ್ಗದ ಕಾಲಿನ ಕಡೆಗೆ ಒತ್ತುತ್ತಾ ಹಿಂದೆ ಸರಿ. ಅಷ್ಟರಲ್ಲಿ ನಿನ್ನ ಜೊತೆಗಾರರು ಹಿಂದಿರುಗಿರುತ್ತಾರೆ. ಅವನು ಚೆಂಡನ್ನು ಒಂದು ಗೇಣು ಉದ್ದ ಬಿಟ್ಟನೋ, ಆ ಗಳಿಗೆ ನಿನ್ನದು. ಆಗ ಮಾತ್ರ ಹಿಂಜರಿಯಬೇಡ. ನೆಲಕ್ಕೆ ಜಾರಿ ಕಸಿಯುವುದು ಬೇರೆ ದಾರಿಯೇ ಇಲ್ಲದಾಗ.

• ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನ ನಾಟಿಗೆ ಹದ ಮಾಡಿದ ಗದ್ದೆಯಂತಿರುತ್ತದೆ. ಬೇಸರಪಡಬೇಡ, ಬಯಲುಸೀಮೆಯ ಹುಡುಗರಿಗೆ ಸಿಗದ ಪಾಠ ಇಲ್ಲಿದೆ. ನೀರು ನಿಂತ ಕಡೆ ಚೆಂಡು ಗಕ್ಕನೆ ನಿಲ್ಲುತ್ತದೆ. ಬರೀ ಒದ್ದೆ ಹುಲ್ಲಿನ ಮೇಲೆ ಬಿದ್ದರೆ ಇನ್ನೂ ವೇಗವಾಗಿ ಜಾರುತ್ತದೆ. ಪಂದ್ಯಕ್ಕೆ ಮುಂಚೆ ಒಂದು ಸುತ್ತು ನಡೆದು, ಯಾವ ಮೂಲೆಯಲ್ಲಿ ನೀರಿದೆ ನೋಡಿಟ್ಟುಕೊ. ವಿರಾಮದ ನಂತರ ಕಡೆ ಬದಲಾಗುತ್ತದೆ, ಅದನ್ನೂ ಲೆಕ್ಕಕ್ಕೆ ತಗೊ. ಕೀಪರ್‌ಗೆ ಕೊಟ್ಟ ಪಾಸ್ ಕೆಸರಲ್ಲಿ ಸಿಕ್ಕಿಕೊಂಡರೆ ಎದುರಾಳಿಗೆ ಹಬ್ಬ. ನೀನು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಹಿಡಿಯುವಂತಿಲ್ಲ. 1992ರಲ್ಲಿ ಬಂದ ನಿಯಮ ಅದು. ಸಂದೇಹವಿದ್ದರೆ ಗೆರೆಯಾಚೆ ಹೊಡೆ. ಯಾರು ಏನೇ ಅನ್ನಲಿ, ಅದು ಸೋಲಲ್ಲ.

• ಒದ್ದೆ ಬೂಟನ್ನು ಒಲೆಯ ಮುಂದೆ ಇಡಬೇಡ, ಅಂಟು ಬಿಡುತ್ತದೆ. ಹಳೇ ಪೇಪರ್ ತುರುಕಿ ಗಾಳಿಗೆ ಇಡು. ತರಚು ಗಾಯವನ್ನು ಮನೆಗೆ ಹೋದೊಡನೆ ಸೋಪು ಹಾಕಿ ತೊಳೆ. ಇಲಿ ಜ್ವರದ ಸೋಂಕು ಇಂಥ ಕೆಸರು ನೀರಿನಿಂದಲೇ ಗಾಯದ ಮೂಲಕ ಮೈಸೇರಬಹುದು. ಆಡಿದ ಮೇಲಿನ ವಾರಗಳಲ್ಲಿ ಜ್ವರ, ಮೀನಖಂಡದ ನೋವು ಬಂದರೆ ಕೆಸರಿನಲ್ಲಿ ಆಡಿದ್ದನ್ನು ಡಾಕ್ಟರಿಗೆ ಹೇಳು.

• ಬರಿಗಾಲಲ್ಲಿ ಆಡುವುದು ಗಂಡಸುತನ ಎನ್ನುವವರ ಮಾತು ಕೇಳಬೇಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಆಡಿ ಫ್ರಾನ್ಸ್‌ಗೆ 1-2ರಿಂದ ಸೋತರು. ಆ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ 10 ಗೋಲು ಹೊಡೆಯಿತು. ನಮ್ಮ ಒಂದೇ ಗೋಲು ಮತ್ತೊಬ್ಬ ಬೆಂಗಳೂರಿಗ ಅಹ್ಮದ್ ಖಾನ್ ಅವರದು. ಬೂಟು ಕಡ್ಡಾಯವಾದದ್ದು ಅದಾದ ಮೇಲೆ.

• ನಸುಕಿನಲ್ಲಿ ತೋಟದ ರಸ್ತೆಯಲ್ಲಿ ಒಬ್ಬನೇ ಓಡಬೇಡ. ಬೆಳಗ್ಗೆ ಐದಕ್ಕೆ ಎದ್ದು ಓಡು ಎಂಬ ಪುಸ್ತಕದ ಮಾತು ಆನೆ ಇಲ್ಲದ ಊರಿಗೆ. ಇಲ್ಲಿ ಎಷ್ಟು ಮನೆಗಳು ಆನೆಯ ಕಾಲಿಗೆ ಸಿಕ್ಕವರನ್ನು ಕಳೆದುಕೊಂಡಿವೆ ಎಂಬುದು ನಿನಗೂ ಗೊತ್ತು. ಅರಣ್ಯ ಇಲಾಖೆಯವರು ಆನೆ ಇರುವ ಜಾಗದ ಸಂದೇಶ ಕಳಿಸುತ್ತಾರೆ. ಅದನ್ನು ನೋಡಿ, ಬಿಸಿಲು ಬಿದ್ದ ಮೇಲೆ, ಮೈದಾನದೊಳಗೇ ಓಡು. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

• ಬಾಯಿ ಬಿಡು. ಹಿಂದೆ ನಿಂತವನಿಗೆ ಇಡೀ ಮೈದಾನ ಕಾಣುತ್ತದೆ, ಮುಂದಿರುವವರಿಗೆ ಕಾಣದು. ‘ನಂದು’, ‘ಬಿಡು’, ‘ಹಿಂದೆ ಆಳಿದ್ದಾನೆ’, ‘ಲೈನ್ ಮೇಲೆ’. ಇಷ್ಟು ಸಾಕು, ಆದರೆ ಗಟ್ಟಿಯಾಗಿ. ಜೊತೆಗಾರನನ್ನು ಬೈಯಲು ಬಾಯಿ ಬಳಸಬೇಡ.

• ಮೈ ಬಿಸಿ ಮಾಡಿಕೊಳ್ಳದೆ ಇಳಿಯಬೇಡ. ‘ಫಿಫಾ 11+’ ಎಂಬ ಸುಮಾರು 20 ನಿಮಿಷದ ಕ್ರಮವಿದೆ, ಮಂಡಿ ಮತ್ತು ತೊಡೆ ಉಳಿಸಿಕೊಳ್ಳಲು. ಸಲಕರಣೆ ಬೇಡ, ಫೋನಿನಲ್ಲಿ ನೋಡಿ ಕಲಿಯಬಹುದು.

• ಹೊಗಳಿಕೆ ತಡವಾಗಿ ಬರುತ್ತದೆ, ಬರದೆಯೂ ಇರಬಹುದು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೆಯದಾಗಿ ಬಂತು. ಹ್ಯಾಟ್ರಿಕ್ ಹೊಡೆದ ನೆವಿಲ್ ಡಿಸೋಜಾ ಹೆಸರು ಎಲ್ಲರ ಬಾಯಲ್ಲಿದೆ. ಅದೇ ತಂಡದಲ್ಲಿ ಹಾಫ್‌ಬ್ಯಾಕ್ ಆಗಿದ್ದ, 1960ರಲ್ಲಿ ರೋಮ್‌ಗೂ ಹೋಗಿ ಬಂದ ನಮ್ಮ ಕೆಂಪಯ್ಯನವರ ಹೆಸರು ಹೇಳುವವರು ಎಷ್ಟು ಜನ? ನೀನಾದರೂ ನೆನಪಿಟ್ಟುಕೊ.

• ಗೋಲು ಬಿಟ್ಟುಕೊಟ್ಟ ಮೇಲೆ ತಲೆ ತಗ್ಗಿಸಬೇಡ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಕರ್ನಾಟಕ ತಂಡ 54 ವರ್ಷದ ನಂತರ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅಂದೂ ನಮ್ಮವರು ಮುನ್ನಡೆ ಪಡೆದ ಸ್ವಲ್ಪ ಹೊತ್ತಿಗೇ ಮೇಘಾಲಯ ಸಮ ಮಾಡಿಕೊಂಡಿತ್ತು. ವಿರಾಮಕ್ಕೆ 3-1 ಆಯಿತು, ಆಮೇಲೆ 3-2. ಅಲ್ಲಿಂದ ಕೊನೆಯ ಸೀಟಿಯವರೆಗೆ ಹಿಂದಿನ ಸಾಲು ಮತ್ತೊಂದನ್ನು ಬಿಡಲಿಲ್ಲ. ಟ್ರೋಫಿ ತಂದದ್ದು ಆ ಹೊತ್ತಿನ ಆಟವೂ ಹೌದು.

• ವಯಸ್ಸು ತಿದ್ದಿಸಿಕೊಡುತ್ತೇವೆ ಎಂದು ಬರುವವರನ್ನು ಬಾಗಿಲಲ್ಲೇ ನಿಲ್ಲಿಸು. ಮಣಿಕಟ್ಟಿನ ಎಲುಬಿನ ಪರೀಕ್ಷೆ ಇದೆ. ಸಿಕ್ಕಿಬಿದ್ದರೆ ಆಟವೇ ಮುಗಿಯಿತು. ಜನನ ಪ್ರಮಾಣಪತ್ರ, ಆಧಾರ್ ಎರಡರಲ್ಲೂ ಹೆಸರು, ತಾರೀಖು ಒಂದೇ ಇರಲಿ. ಕ್ಲಬ್ ಸೇರಿದ ಮೇಲೆ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವಾದ ಎಐಎಫ್‌ಎಫ್‌ನ ನೋಂದಣಿ ಆಗಿದೆಯೇ ಎಂದು ನೀನೇ ಕೇಳು. ಪಿಯುಸಿ ಬಿಡಬೇಡ.

ಕೊನೆಯ ಮಾತು ಹುಡುಗನಿಗಲ್ಲ, ನನ್ನ ಓರಗೆಯವರಿಗೆ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ದೇಶದ ನಾಯಕರಾಗಿ ಆಡಿ ನಿಲ್ಲಿಸಿದ ಮೇಲೆ, ತಾವು ಕಲಿತ ಟಾಟಾ ಫುಟ್‌ಬಾಲ್ ಅಕಾಡೆಮಿಗೇ ಕೋಚ್ ಆಗಿ ಹೋದರು. 2020ರಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಪೇಟೆಯಲ್ಲಿ ಆಡಿ, ತೋಟಕ್ಕೆ ಮರಳಿ ಬಂದಿರುವವರು ನಮ್ಮಲ್ಲೂ ಇದ್ದೀರಿ. ಕಾಫಿ ಕುಯ್ಲು ಮುಗಿದ ಮೇಲೆ ವಾರಕ್ಕೊಂದು ಸಂಜೆ ಹತ್ತಿರದ ಶಾಲೆಯ ಮೈದಾನಕ್ಕೆ ಬನ್ನಿ. ಹಿಂದೆ ಆಡುವ ಹುಡುಗನ ಪಕ್ಕದಲ್ಲಿ ನಿಂತು, ಹೇಗೆ ನಿಲ್ಲಬೇಕು ಎಂದು ತೋರಿಸಿ.