ಗಲ್ಲಿಯ ಅಂಗಡಿ, ಪೇಟೆಯ ದೊಡ್ಡಂಗಡಿ: ಒಂದು ಲೆಕ್ಕದ ಪಾಠ



ಸಂಬಳವಾದ ಮರುದಿನ ನಮ್ಮ ವಾಚನಾಲಯದಲ್ಲಿ ಪತ್ರಿಕೆ ಓದುವವರಿಗಿಂತ ಸಾಮಾನಿನ ಪಟ್ಟಿ ಬರೆಯುವವರೇ ಹೆಚ್ಚು. ಕಳೆದ ತಿಂಗಳು ಹೀಗೆ ಪಟ್ಟಿ ಬರೆಯುತ್ತ ಕುಳಿತಿದ್ದ ಇಬ್ಬರು ಮಿತ್ರರಲ್ಲಿ ವಾದ ಹುಟ್ಟಿತು. “ದೊಡ್ಡಂಗಡಿಯಲ್ಲಿ ಎಲ್ಲವೂ ಅಗ್ಗ. ಗಲ್ಲಿಯ ಕಿರಾಣಿಯವನು ನಮ್ಮನ್ನು ಸುಲಿಯುತ್ತಾನೆ” ಎಂದರು ಒಬ್ಬರು. “ಕಷ್ಟಕಾಲಕ್ಕೆ ಉದ್ರಿ ಕೊಡುವವನು ಅವನೇ ಅಲ್ಲವೆ?” ಎಂದರು ಇನ್ನೊಬ್ಬರು. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರಾದುದರಿಂದ ತೀರ್ಪು ನಮ್ಮ ಪಾಲಿಗೆ ಬಂತು. ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಎರಡು ಅರ್ಧಗಳನ್ನು ಕೂಡಿಸಿ ಪೂರ್ಣ ಲೆಕ್ಕ ಮಾಡುವುದೇ ಈ ಪಾಠದ ಉದ್ದೇಶ.

1. ದೊಡ್ಡಂಗಡಿ ಅಗ್ಗವೇಕೆ?

ದೊಡ್ಡಂಗಡಿಯೆಂದರೆ ದೇಶದ ಹಲವು ಊರುಗಳಲ್ಲಿ ಒಂದೇ ಹೆಸರಿನ ಶಾಖೆಗಳನ್ನು ಇಟ್ಟ ವ್ಯಾಪಾರ. ಮುಂಬಯಿಯ ಪವಯಿಯಲ್ಲಿ 2002ರಲ್ಲಿ ಒಂದು ಅಂಗಡಿಯಿಂದ ಆರಂಭವಾದ ಡಿ-ಮಾರ್ಟ್, 2025ರ ಮಾರ್ಚ್ ಹೊತ್ತಿಗೆ 400ಕ್ಕೂ ಹೆಚ್ಚು ಅಂಗಡಿಗಳನ್ನು ಹೊಂದಿತ್ತು. ಇಷ್ಟು ಅಂಗಡಿಗಳಿಗೆ ಒಟ್ಟಾಗಿ ಸಾಬೂನು ಕೊಳ್ಳುವವನಿಗೂ, ಹತ್ತು ಡಜನ್ ಕೊಳ್ಳುವವನಿಗೂ ಕಾರ್ಖಾನೆಯವರು ಒಂದೇ ದರ ಹೇಳುವುದಿಲ್ಲ. ದೊಡ್ಡಂಗಡಿಯವರು ನಡುವಿನ ಏಜೆಂಟರನ್ನೂ ಸಗಟು ವ್ಯಾಪಾರಿಯನ್ನೂ ಬಿಟ್ಟು ನೇರವಾಗಿ ಕೊಳ್ಳಬಲ್ಲರು. ಬೇಗನೆ ಹಣ ಪಾವತಿ ಮಾಡಿ ರಿಯಾಯಿತಿ ಪಡೆಯಬಲ್ಲರು. ಸಾಮಾನು ಬೇಗ ಬೇಗ ಮಾರಿಹೋದರೆ ಒಂದೊಂದರ ಮೇಲೆ ಕಡಿಮೆ ಲಾಭವಿಟ್ಟರೂ ಅವರಿಗೆ ಸಾಕಾಗುತ್ತದೆ.

ಪೊಟ್ಟಣದ ಮೇಲೆ ಮುದ್ರಿಸಿದ ಬೆಲೆ ಗರಿಷ್ಠ ಬೆಲೆ ಮಾತ್ರ. ಅದಕ್ಕಿಂತ ಹೆಚ್ಚಿಗೆ ಮಾರಕೂಡದು, ಕಡಿಮೆಗೆ ಮಾರಬಹುದು. ದೊಡ್ಡಂಗಡಿಯವರ ‘ರಿಯಾಯಿತಿ’ ಎಂಬುದು ಈ ಎರಡು ಬೆಲೆಗಳ ನಡುವಿನ ಅಂತರ. ಅದು ದಾನವಲ್ಲ, ಮೋಸವೂ ಅಲ್ಲ. ಅದು ಅವರ ವ್ಯಾಪಾರದ ರೀತಿ.

2. ಗಲ್ಲಿಯ ಅಂಗಡಿ ತುಟ್ಟಿಯೇಕೆ?

ಗಲ್ಲಿಯವನು ಏಜೆಂಟರಿಂದ ಕೊಳ್ಳುತ್ತಾನೆ. ಅವನ ಕೈಗೆ ಬರುವಾಗಲೇ ಸಾಮಾನಿನ ಬೆಲೆ ಏರಿರುತ್ತದೆ. ಆದರೆ ಅವನು ಮಾರುವುದು ಬರೀ ಬೇಳೆಯನ್ನಲ್ಲ. ಮೂರು ಸೇವೆಗಳನ್ನು ಬೇಳೆಯೊಡನೆ ಕಟ್ಟಿಕೊಡುತ್ತಾನೆ. ಒಂದು, ಸಮೀಪ: ರಾತ್ರಿ ಪಾಳಿ ಮುಗಿಸಿ ಬಂದವರಿಗೂ ನಾಲ್ಕು ಹೆಜ್ಜೆಯಲ್ಲಿ ಸಾಮಾನು ಸಿಗುತ್ತದೆ. ಎರಡು, ಚಿಕ್ಕ ಅಳತೆ: ಹತ್ತು ರೂಪಾಯಿಯ ಸಾಸಿವೆ, ಕಾಲು ಕಿಲೋ ತೊಗರಿಬೇಳೆ ಕೇಳಿದರೆ ಮುಖ ಸಿಂಡರಿಸುವುದಿಲ್ಲ. ಮೂರು, ಉದ್ರಿ.

ಸಡಿಲು ಧಾನ್ಯದ ವಿಷಯದಲ್ಲಿ ಇನ್ನೊಂದು ಸಂಗತಿ ತಿಳಿದಿರಲಿ. 2022ರ ಜುಲೈ 18ರಿಂದ, ಮೊದಲೇ ಕಟ್ಟಿ ಚೀಟಿ ಅಂಟಿಸಿದ 25 ಕಿಲೋ ಮತ್ತು ಅದರೊಳಗಿನ ಅಕ್ಕಿ, ಬೇಳೆ, ಹಿಟ್ಟಿನ ಚೀಲಗಳ ಮೇಲೆ ನೂರಕ್ಕೆ 5ರಂತೆ ತೆರಿಗೆ ಬಂತು. ಚೀಲ ಬಿಚ್ಚಿ ನಮ್ಮ ಕಣ್ಣೆದುರು ತೂಗಿಕೊಡುವ ಧಾನ್ಯಕ್ಕೆ ಆ ತೆರಿಗೆ ಹಾಕಲಿಲ್ಲ. ಆದುದರಿಂದ ಗಲ್ಲಿಯಲ್ಲಿ ಎಲ್ಲವೂ ತುಟ್ಟಿಯೆಂದು ಕಣ್ಣು ಮುಚ್ಚಿ ಹೇಳಬಾರದು.

3. ಒಂದು ತಿಂಗಳ ಲೆಕ್ಕ

ಪಾಠಕ್ಕಾಗಿ ಒಂದು ಉದಾಹರಣೆ ಹಿಡಿಯೋಣ. ಅಂಕಿಗಳು ಕಲ್ಪಿತ, ನೀವು ನಿಮ್ಮ ಮನೆಯವನ್ನು ಇಟ್ಟು ನೋಡತಕ್ಕದ್ದು. ಗಲ್ಲಿಯಲ್ಲಿ 3,000 ರೂಪಾಯಿ ಆಗುವ ಪಟ್ಟಿ ದೊಡ್ಡಂಗಡಿಯಲ್ಲಿ 2,760ಕ್ಕೆ ಸಿಗುತ್ತದೆ ಎನ್ನೋಣ. ಉಳಿತಾಯ 240 ರೂಪಾಯಿ. ಹೋಗಿಬರುವ ರಿಕ್ಷಾಕ್ಕೆ 80 ತೆಗೆಯಿರಿ. ಉಳಿದದ್ದು 160. ಅಲ್ಲಿ ಸಾಲಾಗಿ ಜೋಡಿಸಿಟ್ಟ ಬಿಸ್ಕೀಟು, ಪ್ಲಾಸ್ಟಿಕ್ ಡಬ್ಬಿ ಕಂಡು ಪಟ್ಟಿಯಲ್ಲಿಲ್ಲದ 200 ರೂಪಾಯಿಯ ಸಾಮಾನು ಕೊಂಡಿರಾದರೆ 40 ರೂಪಾಯಿ ಕೈಬಿಟ್ಟಂತಾಯಿತು. ಅದೇ, ಪಕ್ಕದ ಮನೆಯವರೊಡನೆ ರಿಕ್ಷಾ ಹಂಚಿಕೊಂಡು, ಪಟ್ಟಿಯನ್ನು ಬಿಟ್ಟು ಒಂದನ್ನೂ ಮುಟ್ಟದೆ ಬಂದಿರಾದರೆ 200 ರೂಪಾಯಿ ನಿಜವಾಗಿ ಉಳಿಯಿತು.

ಇನ್ನು ಉದ್ರಿಯ ಬೆಲೆ. ತಿಂಗಳ ನಡುವೆ ಕೈ ಖಾಲಿಯಾಗಿ 1,500 ರೂಪಾಯಿಯನ್ನು ತಿಂಗಳಿಗೆ ನೂರಕ್ಕೆ 5ರಂತೆ ಬಡ್ಡಿಗೆ ತಂದರೆ 75 ರೂಪಾಯಿ ಹೋಗುತ್ತದೆ. ಗಲ್ಲಿಯವನು ಬಡ್ಡಿ ಎಂಬ ಹೆಸರೆತ್ತುವುದಿಲ್ಲ. ಅದು ಸಾಮಾನಿನ ದರದಲ್ಲೇ ಅಡಗಿರುತ್ತದೆ. ಆದುದರಿಂದ ನಗದು ಕೊಡುವವರು “ನಗದಿಗೆ ಎಷ್ಟು ಬಿಡುತ್ತೀರಿ?” ಎಂದು ಅವನನ್ನು ಕೇಳಲು ಸಂಕೋಚಪಡಬೇಕಾದ್ದಿಲ್ಲ.

4. ಹಣ ಎಲ್ಲಿಗೆ ಹೋಗುತ್ತದೆ?

ನಾವು ಕೊಟ್ಟ ರೂಪಾಯಿ ಗಲ್ಲಿಯವನ ಗಲ್ಲಾಪೆಟ್ಟಿಗೆಯಿಂದ ಅಲ್ಲಿನ ಹಮಾಲನಿಗೆ, ಹಿಟ್ಟಿನ ಗಿರಣಿಗೆ, ಪಕ್ಕದ ದರ್ಜಿಗೆ ಹೋಗಿ ಬಹುಪಾಲು ಅದೇ ವಸತಿಯಲ್ಲಿ ನಾಲ್ಕು ಕೈ ತಿರುಗುತ್ತದೆ. ದೊಡ್ಡಂಗಡಿಯ ಲಾಭ ಕಂಪನಿಯ ಪಾಲುದಾರರಿಗೆ ಸೇರುತ್ತದೆ. ಆದರೆ ಅಲ್ಲಿಯೂ ನಮ್ಮ ಹುಡುಗರು ಹುಡುಗಿಯರು ಸಂಬಳಕ್ಕೆ ದುಡಿಯುತ್ತಾರೆ. ಅದನ್ನೂ ಜಮೆಯ ಕಡೆ ಬರೆಯಬೇಕು. ಇನ್ನೊಂದು ಭೇದವುಂಟು. ದೊಡ್ಡಂಗಡಿಯಲ್ಲಿ ಏನಿಡಬೇಕೆಂಬುದನ್ನು ಬಹುಮಟ್ಟಿಗೆ ಕಂಪನಿಯ ಕಚೇರಿ ನಿರ್ಧರಿಸುತ್ತದೆ. ಗಲ್ಲಿಯಲ್ಲಿ ಗಿರಾಕಿಯ ಬಾಯಿ ನಿರ್ಧರಿಸುತ್ತದೆ. ನಾಲ್ಕು ಕನ್ನಡದ ಮನೆಯವರು ಕೇಳಿದರೆ ಬ್ಯಾಡಗಿ ಮೆಣಸಿನಕಾಯಿಯನ್ನೂ ಕುಚ್ಚಲಕ್ಕಿಯನ್ನೂ ತರಿಸಿಡುವವನು ಅವನು.

5. ನಾವು ಮಾಡಿದ ತಪ್ಪು

ಇದನ್ನು ಮರೆಮಾಚದೆ ಹೇಳಬೇಕು. 2020ರ ಮಾರ್ಚಿಯಲ್ಲಿ ಎಲ್ಲವೂ ಬಂದಾದಾಗ ಗಿರಣಿಯೂ ನಿಂತಿತು. ನಮ್ಮ ಚಾಳಿನ ಕೆಳಗಿನ ಅಂಗಡಿಯವರು ಎರಡು ತಿಂಗಳು ವಹಿಯಲ್ಲಿ ಬರೆದುಕೊಂಡು ನಮಗೆಲ್ಲ ಸಾಮಾನು ಕೊಟ್ಟರು. ಕೆಲಸ ಮತ್ತೆ ಹತ್ತಿದ ಮೇಲೆ ಬಾಕಿ ತೀರಿಸಿದೆವು, ನಿಜ. ಆದರೆ ಅನಂತರ ಸಂಬಳದ ನಗದು ಹಿಡಿದು ಪೇಟೆಯ ದೊಡ್ಡಂಗಡಿಗೆ ನಡೆದೆವು. ತಿಂಗಳ ಕೊನೆಗೆ ಕೈ ಖಾಲಿಯಾದಾಗ ಮಾತ್ರ ಇವರ ಮುಂದೆ ಚೀಲ ಹಿಡಿದೆವು. ಚಾಳಿನ ಬಹುಮಂದಿ ಹಾಗೆಯೇ ಮಾಡಿದರು.

ಒಂದು ದಿನ ಅವರು ಕೇಳಿದರು: “ಕಾರಕೂನ ಸಾಹೇಬರೆ, ನಗದು ಅಲ್ಲಿ, ಉದ್ರಿ ಇಲ್ಲಿ ಎಂದರೆ ನನ್ನ ಏಜೆಂಟನಿಗೆ ನಾನು ಏನು ಕೊಡಲಿ?” ಲೆಕ್ಕ ಬರೆಯುವ ನಮಗೆ ಆ ಲೆಕ್ಕ ಹೊಳೆದಿರಲಿಲ್ಲ. ಉದ್ರಿ ಕೊಡುವ ಶಕ್ತಿ ಅಂಗಡಿಯವನಿಗೆ ಬರುವುದು ನಗದು ಗಿರಾಕಿಗಳಿಂದ. ನಗದು ನಿಂತರೆ ಏಜೆಂಟನಿಗೆ ಹಣವಿಲ್ಲ, ಏಜೆಂಟನಿಗೆ ಹಣವಿಲ್ಲದಿದ್ದರೆ ಅಂಗಡಿಗೆ ಸಾಮಾನಿಲ್ಲ. ಕೆಲವೇ ದಿನಗಳಲ್ಲಿ ಅವರು ಉದ್ರಿಯ ವಹಿ ಮುಚ್ಚಿದರು.

ಅದೇ ತಿಂಗಳು ನಮ್ಮ ಮೇಲಿನ ಖೋಲಿಯವರಿಗೆ ಕೆಲಸದಲ್ಲಿ ಕೈಗೆ ಪೆಟ್ಟಾಗಿ ಮನೆಯಲ್ಲಿ ಕುಳಿತರು. ಅವರು ಎಂದೂ ದೊಡ್ಡಂಗಡಿಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಉದ್ರಿ ಸಿಗದೆ, ನೂರಕ್ಕೆ 10ರಂತೆ ಸಾಲ ತಂದು ಅಕ್ಕಿ ಕೊಂಡರು. ನಾವು ಉಳಿಸಿದ 200 ರೂಪಾಯಿಯ ಖರ್ಚು ಅವರ ಲೆಕ್ಕದಲ್ಲಿ ಬಿತ್ತು.

6. ಮೂರನೆಯ ದಾರಿ

ಹಾಗೆಂದು ಉದ್ರಿಯನ್ನು ಹೊಗಳುವುದೂ ತರವಲ್ಲ. ಬಾಕಿಯಿದ್ದವನು ದರ ಕೇಳಲಾರ, ತೂಕ ನೋಡಲಾರ. ಇದನ್ನು ಚೆನ್ನಾಗಿ ಅರಿತವರು ಇಂಗ್ಲೆಂಡಿನ ಗಿರಣಿ ಊರಾದ ರಾಚ್‌ಡೇಲಿನ ದುಡಿಮೆಗಾರರು. 1844ರಲ್ಲಿ 28 ಮಂದಿ ತಲಾ ಒಂದು ಪೌಂಡು ಕೂಡಿಸಿ, ಡಿಸೆಂಬರ್ 21ರಂದು ತಮ್ಮದೇ ಅಂಗಡಿ ತೆರೆದರು. ಇದ್ದದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿಗಳಂಥ ಕೆಲವೇ ಸಾಮಾನು. ಶುದ್ಧ ಮಾಲು, ಸರಿಯಾದ ತೂಕ, ನಗದು ವ್ಯಾಪಾರ, ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು ಎಂಬುವು ಅವರ ಕಟ್ಟಳೆಗಳು. ಮುಂಬಯಿಯ ನಾಯಗಾಂವದಲ್ಲಿ 1948ರಲ್ಲಿ ಗಿರಣಿ ಕಾರ್ಮಿಕರು ಕಟ್ಟಿದ ಗ್ರಾಹಕ ಸಹಕಾರಿ ಸಂಘವೇ ಮುಂದೆ ‘ಅಪನಾ ಬಜಾರ್’ ಎಂದು ಹೆಸರಾಯಿತು. ಸಾಲದ ವಿಷಯದಲ್ಲಿ ನಮ್ಮ ಗದಗದ ಬಳಿಯ ಕಣಗಿನಹಾಳದವರು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ 1905ರಷ್ಟು ಹಿಂದೆಯೇ ಸಹಕಾರಿ ಸಂಘ ಕಟ್ಟಿ ದಾರಿ ತೋರಿದ್ದಾರೆ.

ನಾವು ಅಷ್ಟು ದೊಡ್ಡದನ್ನು ಕಟ್ಟಬೇಕಾಗಿಲ್ಲ. ಐದು ಮನೆಯವರು ಕೂಡಿ ಸಗಟು ಪೇಟೆಯಿಂದ ಒಂದು ಚೀಲ ಅಕ್ಕಿ ತಂದು ಹಂಚಿಕೊಳ್ಳಬಹುದು. ಆಪತ್ತಿಗೆಂದು ತಿಂಗಳಿಗೆ ಐವತ್ತು, ನೂರು ರೂಪಾಯಿ ಕೂಡಿಡಬಹುದು.

7. ಹಾಗಾದರೆ ಮಾಡತಕ್ಕದ್ದೇನು?

ಪಟ್ಟಿಯನ್ನು ಎರಡು ಮಾಡಿರಿ. ಸಾಬೂನು, ಎಣ್ಣೆಯ ಡಬ್ಬಿಯಂಥ ಕೆಡದ ಸಾಮಾನು ದೊಡ್ಡಂಗಡಿಯಲ್ಲಿ ನಿಜವಾಗಿ ಅಗ್ಗವಿದ್ದರೆ ಅಲ್ಲಿ ಕೊಳ್ಳಿರಿ. ಆಗಲೂ ದೊಡ್ಡ ಪೊಟ್ಟಣವೇ ಅಗ್ಗವೆಂದು ನಂಬದೆ, ಗ್ರಾಮಿಗೆ ಎಷ್ಟು ಬಿತ್ತೆಂದು ನೋಡಿರಿ. ಬೇಳೆಕಾಳು, ದಿನಬಳಕೆಯ ಸಾಮಾನುಗಳನ್ನು ಗಲ್ಲಿಯಲ್ಲಿ ತೂಗಿಸಿಕೊಳ್ಳಿರಿ. ಯಾರ ಹತ್ತಿರ ಉದ್ರಿ ಬೇಡುವೆವೋ ಅವರಿಗೆ ನಗದಿನಲ್ಲಿಯೂ ಪಾಲಿರಲಿ. ಇದು ದಯೆಯ ಮಾತಲ್ಲ, ಲೆಕ್ಕದ ಮಾತು.

ಅಭ್ಯಾಸ: ಈ ತಿಂಗಳು ಒಂದು ಚಿಕ್ಕ ವಹಿ ಇಡಿರಿ. ಹತ್ತು ಸಾಮಾನುಗಳ ದರವನ್ನು ಎರಡೂ ಅಂಗಡಿಗಳಲ್ಲಿ ಬರೆಯಿರಿ. ರಿಕ್ಷಾ, ಪಟ್ಟಿಯಲ್ಲಿಲ್ಲದ ಖರೀದಿ, ಬಡ್ಡಿ ಇವಕ್ಕೆ ಬೇರೆ ಮನೆಗಳಿರಲಿ. ತಿಂಗಳ ಕೊನೆಯ ಭಾನುವಾರ ವಾಚನಾಲಯಕ್ಕೆ ತನ್ನಿರಿ, ಕೂಡಿ ಕುಳಿತು ತಾಳೆ ನೋಡೋಣ. ನಮ್ಮ ವಹಿಯನ್ನು ಮೊದಲು ಮೇಜಿನ ಮೇಲೆ ಇಡುತ್ತೇವೆ.